ಮೂರನೇ ಗೂಡಿನ ಲೈನು

ರಾಣೆಬೆನ್ನೂರಿನಲ್ಲಿ ನನ್ನ ಪ್ರಿಂಟಿಂಗ್ ಪ್ರೆಸ್ಸಿನ ಪಕ್ಕದ ಅಂಗಡಿ ಗುಡದಪ್ಪನದು. 'ಕಂಪ್ಯೂಟರ್ ನೆಟ್‌ವರ್ಕ್ ಮಾಡಿಕೊಡಲಾಗುವುದು' ಎಂದು ಬೋರ್ಡು ಬರೆಸಿದ್ದ. ಅದನ್ನು ಓದಿ ಒಳಗೆ ಬಂದವರಲ್ಲಿ ಅರ್ಧ ಮಂದಿ ಟೀವಿ ಕೇಬಲ್ ಕೇಳುವವರು, ಇನ್ನರ್ಧ ಮಂದಿ ಮೊಬೈಲ್ ಸಿಗ್ನಲ್ ಬರುವುದಿಲ್ಲವೆಂದು ಜಗಳ ತೆಗೆಯುವವರು. ಅವನು ಯಾರ ಮೇಲೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಎಲ್ಲರನ್ನೂ ಕೂಡಿಸಿ, ಕುಡಿಯಲು ನೀರು ಕೊಟ್ಟು, ತನ್ನ ಕೆಲಸ ಏನೆಂದು ಪಾಠ ಹೇಳಿಯೇ ಕಳಿಸುತ್ತಿದ್ದ. ನಡುವೆ ಒಂದೇ ಗೋಡೆ. ಕೇಳಿ ಕೇಳಿ ಆ ಪಾಠ ನನಗೂ ಬಾಯಿಗೆ ಬಂದಿದೆ.

"ಎರಡ ಮಾತು ನೋಡ್ರಿ," ಎಂದು ಶುರುಮಾಡುತ್ತಿದ್ದ. "ಕಾಲುವಿ ಎಷ್ಟು ಅಗಲ ಐತಿ, ಅದು ಒಂದು. ಗೇಟ್ ಎತ್ತಿದ ಮ್ಯಾಲ ಕಡೀ ಹೊಲಕ್ಕ ನೀರು ಮುಟ್ಟಾಕ ಎಷ್ಟೊತ್ತು ಹಿಡೀತೈತಿ, ಅದು ಇನ್ನೊಂದು. ಕಂಪ್ಯೂಟರಿನ್ಯಾಗ ಮೊದಲನೇದ್ದಕ್ಕ ಬ್ಯಾಂಡ್‌ವಿಡ್ತ್ ಅಂತಾರ, ಎರಡನೇದ್ದಕ್ಕ ಲೇಟೆನ್ಸಿ ಅಂತಾರ. ಇವೆರಡನ್ನ ಅಳಿಯೋದ ನನ್ನ ದಂಧೆ."

ಅವನ ಊರು ಮೇಡ್ಲೇರಿ. ಹೊಳೆದಂಡೆಯ ಊರಿನವನಿಗೆ ಕಾಲುವೆಯ ಮಾತು ಬಿಟ್ಟು ಬೇರೆ ಹೋಲಿಕೆ ಎಲ್ಲಿಂದ ಬರಬೇಕು? ಹಾವೇರಿಯಲ್ಲಿ ಐಟಿಐ ಮುಗಿಸಿ, ಟೀವಿ ಕೇಬಲ್ ಎಳೆಯಲು ಕಂಬ ಹತ್ತಿ, ಆಮೇಲೆ ಊರಿಗೆ ಇಂಟರ್ನೆಟ್ ಸೆಂಟರುಗಳು ಬಂದಾಗ ಅವುಗಳಿಗೆ ವೈರಿಂಗ್ ಮಾಡಿ, ಮೆಲ್ಲಗೆ ತನ್ನದೇ ಅಂಗಡಿ ಇಟ್ಟ. ಹೆಂಡತಿ ನೀಲಾ ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದಳು. ಒಳ್ಳೆಯವನು, ಕೆಲಸ ಅಚ್ಚುಕಟ್ಟು. ಆದರೆ ಅಳೆಯದೆ ಏನನ್ನೂ ನಂಬದ ಒಂದು ಹುಚ್ಚಿತ್ತು. ಕುಕ್ಕರಿನ ಒಂದು ಸೀಟಿಗೂ ಇನ್ನೊಂದು ಸೀಟಿಗೂ ನಡುವೆ ಎಷ್ಟು ಹೊತ್ತಾಯಿತೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವ ಗಂಡನ ಜೊತೆ ನೀಲಾ ಹೇಗೆ ಬಾಳುವೆ ಮಾಡಿದಳೋ ನನಗೆ ಇವತ್ತಿಗೂ ಸೋಜಿಗ.

ಬ್ಯಾಡಗಿಯ ಕೆಲಸ ಅವನಿಗೆ ಸಿಕ್ಕಿದ್ದು ಎರಡು ಸಾವಿರದ ಎಂಟರ ಸುಮಾರಿಗೆ. ಅಲ್ಲಿ ಮೆಣಸಿನಕಾಯಿ ವ್ಯಾಪಾರದ ಒಂದು ವರ್ತಕರ ಸಂಘವಿತ್ತು. ಹೆಸರು ಬೇಡ, ಆ ಸಂಘದ ಆಮಂತ್ರಣ ಪತ್ರಿಕೆಗಳನ್ನು ನಾನೇ ಅಚ್ಚು ಹಾಕುತ್ತಿದ್ದೆ, ಉಪ್ಪು ತಿಂದಿದ್ದೇನೆ. ಸಂಘ ತನ್ನ ಟೆಂಡರನ್ನು ಕಂಪ್ಯೂಟರಿಗೆ ಹಾಕಲು ಹೊರಟಿತ್ತು. ಹಳೇ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಮಾಲು ಲಾಟು ಲಾಟಾಗಿ ಇರುತ್ತದೆ, ಖರೀದಿದಾರರು ಕಾಯಿ ಮುರಿದು, ಮೂಸಿ, ಬಣ್ಣ ನೋಡಿ ಚೀಟಿಯಲ್ಲಿ ದರ ಬರೆದು ಹಾಕುತ್ತಾರೆ, ಹೆಚ್ಚು ಬರೆದವನಿಗೆ ಮಾಲು. ಹೊಸ ಕ್ರಮದಲ್ಲಿ ಆ ಚೀಟಿಯ ದರವನ್ನು ಕಂಪ್ಯೂಟರಿಗೆ ಹೊಡೆಯಬೇಕು. ಅದಕ್ಕಾಗಿ ಅಂಗಳದ ಒಳಗೂ ಹೊರಗೂ ಮೂರು ಕಡೆ ತಗಡಿನ ಗೂಡು ಮಾಡಿ ಒಂದೊಂದು ಕಂಪ್ಯೂಟರ್ ಇಟ್ಟರು. ಗೂಡಿನಲ್ಲಿ ಹೊಡೆದದ್ದು ಟೆಂಡರ್ ಹಾಲಿನ ದೊಡ್ಡ ಕಂಪ್ಯೂಟರಿಗೆ ಹೋಗಿ ಸೇರುತ್ತಿತ್ತು. ಹೊತ್ತಾದೊಡನೆ ಹಾಲಿನಲ್ಲಿ ಗಂಟೆ ಬಾರಿಸುತ್ತಿತ್ತು, ದೊಡ್ಡ ಕಂಪ್ಯೂಟರ್ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಮೇಲೆ ಬಂದ ದರ ಎಷ್ಟು ದೊಡ್ಡದಿದ್ದರೂ ಬಂದಿಲ್ಲವೆಂದೇ ಲೆಕ್ಕ.

ಖರೀದಿದಾರರದು ಒಂದು ಹುಟ್ಟುಗುಣ. ಚೀಟಿಯನ್ನು ಯಾರೂ ಮುಂಚೆ ಕೊಡುವುದಿಲ್ಲ. ಮುಂಚೆ ಕೊಟ್ಟರೆ ತನ್ನ ದರ ಇನ್ನೊಬ್ಬನ ಕಿವಿಗೆ ಬಿದ್ದೀತೆಂಬ ಭಯ. ಟವೆಲ್ಲಿನ ಕೆಳಗೆ ಕೈ ಮುಚ್ಚಿಕೊಂಡು ಅಡ್ಡಾಡುತ್ತಾರೆ, ಗಂಟೆ ಬಾರಿಸುವ ಮುಂಚಿನ ಕಾಲು ತಾಸಿನಲ್ಲಿ ಎಲ್ಲರೂ ಒಮ್ಮೆಲೇ ಗೂಡಿನ ಕಿಟಕಿಗೆ ಮುಗಿಬೀಳುತ್ತಾರೆ.

ಮೊದಲೆರಡು ಗೂಡುಗಳಿಗೆ ಗುಡದಪ್ಪ ತಂತಿ ಎಳೆದಿದ್ದ. ಮೂರನೆಯದು ರಸ್ತೆಯಾಚೆ, ಕೋಲ್ಡ್ ಸ್ಟೋರೇಜುಗಳ ಸಾಲಿನಲ್ಲಿ. ಅಷ್ಟು ದೂರ ತಂತಿ ಎಳೆಯಲಾಗದೆ ಎರಡೂ ಕಡೆ ಕಂಬಕ್ಕೆ ಬುಟ್ಟಿಯಂಥ ಆಂಟೆನಾ ಕಟ್ಟಿ ಗಾಳಿಯಲ್ಲಿ ಲೈನು ಕೊಟ್ಟಿದ್ದ. ತಂತಿಯ ಲೈನಿಗಿಂತ ಅದು ಕಿರಿದಾದ ಕಾಲುವೆ. ಆ ಗೂಡಿನಲ್ಲಿ ಕೂಡುತ್ತಿದ್ದವಳು ಜೈತೂನಬಿ.

ನಲವತ್ತರ ಹೆಂಗಸು. ಟೈಪ್‌ರೈಟರಿನ ಕಾಲದಲ್ಲಿ ಬೆರಳು ಪಳಗಿಸಿದವಳು. ಚೀಟಿ ಕೈಗೆ ಬಂದೊಡನೆ ಲಾಟಿನ ನಂಬರನ್ನು ಬಾಯಲ್ಲಿ ಹೇಳುತ್ತ ಹೊಡೆಯುವುದು ಅವಳ ರೂಢಿ. ದರವನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಂಡ ದಾವಲಸಾಬ ಅದೇ ಅಂಗಳದಲ್ಲಿ ಹಮಾಲ. ಗಂಡ ಬಿಸಿಲಲ್ಲಿ ಚೀಲ ಹೊರುವಾಗ ಹೆಂಡತಿ ಕುರ್ಚಿಯ ಮೇಲೆ ಕೂತು ಕಂಪ್ಯೂಟರ್ ಹೊಡೆಯುತ್ತಾಳೆಂದು ಉಳಿದ ಹಮಾಲರು ಚೇಷ್ಟೆ ಮಾಡುತ್ತಿದ್ದರು. ಅವನು ನಗುತ್ತಿದ್ದ. ಅವನಿಗೆ ಅದು ಹೆಮ್ಮೆ.

ಗುಡದಪ್ಪ ಮೊದಲ ಸಲ ಮೂರನೇ ಗೂಡಿಗೆ ಹೋದಾಗ ಘಾಟಿಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು ಗೋಡೆ ಹಿಡಿದು ನಿಂತಿದ್ದನಂತೆ. ಜೈತೂನಬಿ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದುಕೊಟ್ಟಳು. "ಬಾಯಾಗ ಇಟ್ಕೊ ತಮ್ಮಾ. ಬ್ಯಾಡಗಿ ಗಾಳಿ ನಿನಗ ಇನ್ನೂ ಒಗ್ಗಿಲ್ಲ," ಎಂದಳು. ಅಂದಿನಿಂದ ಅವಳನ್ನು ಜೈತೂನಕ್ಕ ಎಂದೇ ಕರೆಯುತ್ತಿದ್ದ. ಮುಂದೆ ಆದದ್ದನ್ನು ಹೇಳುವಾಗ ನನಗೆ ಈ ಬೆಲ್ಲದ ಚೂರು ನೆನಪಾಗಿ ಅವನ ಮೇಲೆ ಸಿಟ್ಟು ಬರುತ್ತದೆ.

ಮಳೆಗಾಲದಲ್ಲಿ ಒಮ್ಮೆ ಗಾಳಿಗೆ ಆಂಟೆನಾ ತಿರುಗಿ ಮೂರನೇ ಗೂಡಿನ ದರಗಳು ತಡವಾದವು. ಗುಡದಪ್ಪ ಕಂಬ ಹತ್ತಿ ಸರಿಮಾಡಿದ. ಆದರೆ ಸಂಘದ ಸೆಕ್ರೆಟರಿ ವಿರೂಪಾಕ್ಷಪ್ಪ ಮೇಲಿಂದ ಮೇಲೆ ಫೋನು ಹಚ್ಚಿ "ಲೈನು ಹೆಂಗೈತಿ?" ಎಂದು ಕೇಳತೊಡಗಿದರು. ಪ್ರತಿ ಸಲ ರಾಣೆಬೆನ್ನೂರಿನಿಂದ ಓಡಿ ಬಂದು ಅಳೆಯುವುದು ಆಗುವ ಮಾತೇ? ಹಾಲಿನ ಮೂಲೆಯಲ್ಲಿದ್ದ ಒಂದು ಹಳೇ ಕಂಪ್ಯೂಟರಿಗೆ ಅಳೆಯುವ ಕೆಲಸ ಒಪ್ಪಿಸಿದ. ಅದಕ್ಕೊಂದು ಪ್ರೋಗ್ರಾಂ ಬರೆದ. ಯಾರೂ ಗುಂಡಿ ಒತ್ತಬೇಕಿಲ್ಲ, ಯಾರೂ ನೋಡುತ್ತ ಕೂಡಬೇಕಿಲ್ಲ. ಹೊತ್ತಿಗೆ ಸರಿಯಾಗಿ ತಾನೇ ಎದ್ದು ಮೂರೂ ಗೂಡುಗಳಿಗೆ ಒಂದು ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ನೋಡುತ್ತಿತ್ತು. ಅದು ಮುಗಿದ ಮೇಲೆ ಲೈನು ತುಂಬುವಷ್ಟು ಮಾಹಿತಿ ಸುರಿದು, ಎಷ್ಟು ಹಿಡಿಸುತ್ತದೆಂದು ನೋಡುತ್ತಿತ್ತು. ಎರಡನ್ನೂ ಬರೆದಿಟ್ಟು ಮಲಗುತ್ತಿತ್ತು. ಅದಕ್ಕೆ 'ವಾಚ್‌ಮನ್' ಎಂದು ಹೆಸರಿಟ್ಟು, ನನ್ನ ಪ್ರೆಸ್ಸಿಗೆ ಬಂದು ಪೇಢೆ ಹಂಚಿದ. ಮಗ ಹುಟ್ಟಿದಾಗಲೂ ಅಷ್ಟು ಕುಣಿದಿರಲಿಲ್ಲ.

ತಡ ನಿಲ್ಲಲಿಲ್ಲ. ಮೂರನೇ ಗೂಡಿನಿಂದ ಆಗೊಂದು ಈಗೊಂದು ದರ ಗಂಟೆ ಬಾರಿಸಿದ ಮೇಲೆ ಬರುತ್ತಿತ್ತು. ವಿರೂಪಾಕ್ಷಪ್ಪನವರ ಫೋನು ಬಂದಷ್ಟೂ ಇವನು ವಾಚ್‌ಮನ್‌ನ ಕೆಲಸ ಹೆಚ್ಚಿಸಿದ. ದೂರು ಬರುವುದೆಲ್ಲ ಕಡೆಯ ಕಾಲು ತಾಸಿನದು ಎಂದು ಕಂಡಾಗ, ಆ ಕಾಲು ತಾಸಿನಲ್ಲೇ ಮತ್ತೆ ಮತ್ತೆ ಅಳೆಯಲು ಹೇಳಿದ. ಪ್ರತಿ ಸಲವೂ ವರದಿ ಒಂದೇ: ಉತ್ತರ ಬೇಗ ಬಂದಿದೆ, ಲೈನು ಪೂರ್ತಿ ಹಿಡಿಸಿದೆ, ಎಲ್ಲ ಚಂದ ಇದೆ.

"ತಮ್ಮಾ, ನಾ ಗುಂಡಿ ಒತ್ತಿದ ಮ್ಯಾಲ ಅದು ಸುತ್ತಕೋತ ನಿಂದ್ರತೈತಿ," ಎಂದು ಜೈತೂನಬಿ ಎಷ್ಟೋ ಸಲ ಹೇಳಿದಳು. "ಗಂಟಿ ಮುಂದ ಅಷ್ಟ ಹಂಗ ಆಗ್ತೈತಿ. ಮುಂಜಾನಿ ಆಗೂದಿಲ್ಲ."

"ಗಂಟಿ ಮುಂದ ಗದ್ದಲ ಇರ್ತೈತಿ ಅಕ್ಕಾ. ಗಾಬರಿ ಆಗಿ ತಡಾ ಹೊಡೀತಿ," ಎಂದ ಇವನು. ಅವಳು ಮತ್ತೆ ಹೇಳಲಿಲ್ಲ.

ಭಾದ್ರಪದದಲ್ಲಿ ಅಗಡಿಯ ಒಬ್ಬ ರೈತನ ಲಾಟಿಗೆ ಬರೆದಿದ್ದ ದೊಡ್ಡ ದರ ಹೀಗೆಯೇ ಹೊರಗುಳಿದು, ಅದಕ್ಕಿಂತ ಕಡಿಮೆ ಬರೆದ ಖರೀದಿದಾರನಿಗೆ ಮಾಲು ಹೋಯಿತು. ಅದೇ ಖರೀದಿದಾರನಿಗೆ ಹಿಂದೆಯೂ ಎರಡು ಸಲ ಹೀಗೆಯೇ ಮಾಲು ಸಿಕ್ಕಿತ್ತೆಂದು ಯಾರೋ ನೆನಪು ತೆಗೆದರು. ಜೈತೂನಬಿ ಚೀಟಿ ಹಿಡಿದಿಟ್ಟುಕೊಳ್ಳುತ್ತಾಳೆ ಎಂಬ ಮಾತು ಅಂಗಳದಲ್ಲಿ ಹಬ್ಬಲು ಒಂದು ಮಧ್ಯಾಹ್ನ ಸಾಕಾಯಿತು. ಹಾಲಿನಲ್ಲಿ ಎಲ್ಲರನ್ನೂ ಕೂಡಿಸಿದರು. ರೈತರು, ಖರೀದಿದಾರರು, ಬಾಗಿಲಲ್ಲಿ ಹಮಾಲರು. ನಡುವೆ ಜೈತೂನಬಿ ನಿಂತಿದ್ದಳು.

"ಲೈನು ನಿಂದ್ರತೈತ್ರಿ. ನನ್ನ ಕೈಯಾಗ ಏನೂ ಇಲ್ಲ," ಎಂದಳು.

ವಿರೂಪಾಕ್ಷಪ್ಪ ಗುಡದಪ್ಪನ ಕಡೆ ತಿರುಗಿದರು. "ಏನಪಾ, ಲೈನ್ ಹೆಂಗೈತಿ?"

ಇವನಿಗೆ ತನ್ನ ವಾಚ್‌ಮನ್‌ನ ಮೇಲೆ ಮಾತು ಬಂತೆಂದು ಚುರ್ ಎಂದಿತು. ಕೈಯಲ್ಲಿ ವರದಿಯ ಹಾಳೆಗಳಿದ್ದವು. ಅಷ್ಟು ಮಂದಿ ತನ್ನನ್ನೇ ನೋಡುತ್ತಿದ್ದಾರೆಂಬ ಹಿಗ್ಗು ಬೇರೆ.

"ಲೈನ್ ಸ್ವಚ್ಛ ಐತ್ರಿ. ದಿನಾ ಅಳದೇನಿ. ನನ್ನ ಯಂತ್ರಕ್ಕ ಈ ಅಂಗಳದಾಗ ಯಾರೂ ಬೀಗರಿಲ್ಲ. ಗೂಡಿನ್ಯಾಗ ಕುಂತವರಿಗೆ ಯಾರ್ಯಾರು ಅದಾರೋ, ಅವರನ್ನ ಕೇಳ್ರಿ," ಎಂದುಬಿಟ್ಟ.

ಹಾಲ್ ತುಂಬ ನಗು. ನಗುವಿನ ನಡುವೆ ಜೈತೂನಬಿ ಗೂಡಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಬಾಗಿಲಲ್ಲಿ ದಾವಲಸಾಬ ನಿಂತಿದ್ದ. ಅವಳು ಅವನ ಮುಖ ನೋಡಲಿಲ್ಲ, ಅವನೂ ನೋಡಲಿಲ್ಲ ಎಂದು ಆಮೇಲೆ ಗುಡದಪ್ಪ ನನಗೆ ಹೇಳಿದ. ಆ ಹೊತ್ತಿನಲ್ಲಿ ಅದು ಅವನಿಗೆ ಏನೂ ಅನ್ನಿಸಿರಲಿಲ್ಲವಂತೆ.

ಅವಳ ಜಾಗಕ್ಕೆ ಸ್ನೇಹಾ ಎಂಬ ಹುಡುಗಿ ಬಂದಳು. ಕಾಲೇಜು ಮುಗಿಸಿದ್ದಳು. ಅವಳು ಬಂದ ಮೇಲೂ ದರಗಳು ತಡವಾದವು. ಜೈತೂನಬಿ ಮಾಡಿದ್ದರೆ ಮೋಸವಾಗುತ್ತಿದ್ದದ್ದು ಸ್ನೇಹಾ ಮಾಡಿದಾಗ "ಹೊಸಬಳು, ಕಲೀತಾಳ" ಎಂದಾಯಿತು. ಹಾಲಿನಲ್ಲಿ ಅಷ್ಟು ಶಾಣ್ಯಾ ಮಂದಿ ಇದ್ದರು. ಒಬ್ಬರಿಗಾದರೂ ಅನುಮಾನ ಬರಬೇಡವೇ? ಬರಲಿಲ್ಲ.

ಅಷ್ಟರಲ್ಲಿ ಖಂಡೇನವಮಿ ಬಂತು. ಹಾಲಿನಲ್ಲಿ ತಕ್ಕಡಿಗಳ ಜೊತೆ ಕಂಪ್ಯೂಟರುಗಳಿಗೂ ಪೂಜೆ. ಸಂಘದ ಹಳೇ ಸಿಪಾಯಿ ಕರಬಸಪ್ಪ ಎಲ್ಲವನ್ನೂ ಬಂದ್ ಮಾಡಿ, ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ. ಪೂಜೆಗೆ ಕೂತ ಯಂತ್ರವನ್ನು ದಸರೆ ಮುಗಿಯುವವರೆಗೆ ಮುಟ್ಟಬಾರದು. ಹಬ್ಬ ಮುಗಿದ ಸೋಮವಾರ ಟೆಂಡರಿಗೆ ಬೇಕಾದ ಕಂಪ್ಯೂಟರುಗಳನ್ನು ಅವುಗಳ ಮೇಲೆ ಕೂಡುವವರು ಹಚ್ಚಿಕೊಂಡರು. ಮೂಲೆಯ ವಾಚ್‌ಮನ್‌ನ ಮೇಲೆ ಕೂಡುವವರು ಯಾರೂ ಇರಲಿಲ್ಲ. ಅದು ಮಾಲೆ ಹಾಕಿಕೊಂಡು ಹಾಗೆಯೇ ಉಳಿಯಿತು. ಗುಡದಪ್ಪ ಬನ್ನಿ ಕೊಡಲು ಹೆಂಡತಿ ಮಗನ ಜೊತೆ ಮೇಡ್ಲೇರಿಗೆ ಹೋಗಿದ್ದ.

ಮಂಗಳವಾರ ಬಂದಾಗ ವಿರೂಪಾಕ್ಷಪ್ಪ ಬಾಗಿಲಲ್ಲೇ ಬೆನ್ನು ತಟ್ಟಿದರು. "ನಿನ್ನೆ ಮೂರನೇ ಗೂಡಿನ್ಯಾಗ ಒಂದೂ ತಡಾ ಇಲ್ಲಪಾ. ಸ್ನೇಹಾ ಕೈ ಕುದುರೇತಿ. ಆ ಜೈತೂನಬೀನ್ನ ತಗದದ್ದು ಚಲೋ ಆತು."

ಗುಡದಪ್ಪನಿಗೆ ಖುಷಿಯಾಯಿತು. ಒಳಗೆ ಹೋಗಿ ನೋಡಿದರೆ ವಾಚ್‌ಮನ್ ಬಾಡಿದ ಮಾಲೆಯಲ್ಲಿ ಕಣ್ಣು ಮುಚ್ಚಿ ಕೂತಿದೆ. ಕರಬಸಪ್ಪನಿಗೆ ಬೈದು, ಮಾಲೆ ತೆಗೆದು, ಗುಂಡಿ ಒತ್ತಿ ಎಬ್ಬಿಸಿದ.

ಗುರುವಾರ ಮತ್ತೆ ಟೆಂಡರು. ಸ್ನೇಹಾಳ ಚುರುಕು ಕೈ ನೋಡೋಣವೆಂದು ಇವನೇ ಮೂರನೇ ಗೂಡಿಗೆ ಹೋಗಿ ಅವಳ ಬೆನ್ನ ಹಿಂದೆ ನಿಂತ. ಕಡೆಯ ಕಾಲು ತಾಸು ಶುರುವಾಯಿತು. ಕಿಟಕಿಯ ತುಂಬ ಕೈಗಳು, ಕೈಗಳ ತುಂಬ ಚೀಟಿ. ಹುಡುಗಿ ಹೊಡೆದಳು, ಗುಂಡಿ ಒತ್ತಿದಳು. ಪರದೆಯ ಮೇಲಿನ ಚಕ್ರ ಸುತ್ತುತ್ತ ನಿಂತಿತು. ಸ್ವಲ್ಪ ಹೊತ್ತಿಗೆ ಬಿಟ್ಟಿತು, ಮತ್ತೆ ನಿಂತಿತು.

"ಸರ್, ನಾ ಬರೋಬ್ಬರಿ ಹೊಡದೇನ್ರಿ. ನಿಮ್ಮ ಮುಂದ ಹೊಡದೇನಿ," ಎಂದು ಸ್ನೇಹಾ ಅಳುವ ದನಿಯಲ್ಲಿ ಹಿಂದೆ ತಿರುಗಿದಳು.

ಗೋಡೆಯ ಮೇಲಿನ ಲೈನಿನ ಪೆಟ್ಟಿಗೆಯಲ್ಲಿ ದೀಪ ಬಿಡುವಿಲ್ಲದೆ ಮಿನುಗುತ್ತಿತ್ತು. ಗುಡದಪ್ಪ ಅದನ್ನು ನೋಡಿದ. ನಾಲ್ಕು ಚೀಟಿಯ ದರಕ್ಕೆ ದೀಪ ಅಷ್ಟು ಮಿನುಗುವುದಿಲ್ಲ. ಆ ಲೈನಿನ ತುಂಬ ಬೇರೆ ಏನೋ ಹರಿಯುತ್ತಿತ್ತು. ಏನೆಂದು ಅವನಿಗೆ ಗೊತ್ತಿತ್ತು, ಯಾಕೆಂದರೆ ಹರಿಸಿದವನು ಅವನೇ. ಸಣ್ಣ ಸಂದೇಶದ ಅಳತೆ ಮುಗಿದ ಮೇಲಷ್ಟೇ ಸುರಿಯಲು ಹೇಳಿದ್ದ, ಒಂದಕ್ಕೊಂದು ಅಡ್ಡಿ ಬರಬಾರದೆಂದು. ಹಾಗಾಗಿ ಸುರಿಯುವಾಗ ಲೈನಿನಲ್ಲಿದ್ದ ಬೇರೆಯವರ ಗತಿ ಏನಾಗುತ್ತದೆಂದು ವಾಚ್‌ಮನ್ ಎಂದೂ ನೋಡಿರಲಿಲ್ಲ. ಇವನೂ ನೋಡಿರಲಿಲ್ಲ. ದೂರು ಹೆಚ್ಚಾದಂತೆ ಇವನು ಹೆಚ್ಚು ಸುರಿದ. ಹೆಚ್ಚು ಸುರಿದಂತೆ ಜೈತೂನಬಿಯ ಚಕ್ರ ಹೆಚ್ಚು ಹೊತ್ತು ಸುತ್ತಿತು.

ರಸ್ತೆ ದಾಟಿ ಹಾಲಿಗೆ ಓಡಿ ಹೋಗಿ ವಾಚ್‌ಮನ್‌ನ ವೈರು ಕಿತ್ತ. ಮೂರನೇ ಗೂಡಿನಲ್ಲಿ ನಿಂತಿದ್ದ ದರಗಳೆಲ್ಲ ದಬದಬನೆ ಬಂದು ಬಿದ್ದವು. ಗಂಟೆ ಬಾರಿಸಿತು. ಎಲ್ಲ ಒಳಗೆ ಬಂದಿದ್ದವು. ಇವನು ಮೂಲೆಯ ಕುರ್ಚಿಯ ಮೇಲೆ ಕೂತ. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತಂತೆ. ಆ ಮಾತನ್ನು ನನ್ನ ಮುಂದೆ ಎಷ್ಟು ಸಲ ಹೇಳಿದ್ದಾನೋ.

ಆದರೆ ಆ ದಿನ ಬಾಯಿ ಬಿಡಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ವಾಚ್‌ಮನ್‌ಗೆ ಟೆಂಡರಿಲ್ಲದ ಹೊತ್ತಿನಲ್ಲಿ ಅಳೆಯಲು ಹೇಳಿ, ಸುಮ್ಮನೆ ಬಸ್ಸು ಹತ್ತಿ ಊರಿಗೆ ಬಂದ. ಮುಂದಿನ ಟೆಂಡರುಗಳು ನೀರು ಕುಡಿದಷ್ಟು ಸಲೀಸಾಗಿ ಮುಗಿದವು. ವಿರೂಪಾಕ್ಷಪ್ಪ ಫೋನು ಹಚ್ಚಿ ಹೊಗಳಿದಾಗಲೆಲ್ಲ "ಹೂಂ ರೀ, ಹೂಂ ರೀ" ಎನ್ನುತ್ತಿದ್ದ. ಅಂಗಡಿಗೆ ಬಂದವರಿಗೆ ಕಾಲುವೆಯ ಪಾಠ ಹೇಳುವುದು ನಿಂತುಹೋಯಿತು. ಉಂಡರೂ ಸರಿ, ಉಣ್ಣದಿದ್ದರೂ ಸರಿ. ಒಂದು ಸಂಜೆ ನನ್ನ ಪ್ರೆಸ್ಸಿನಲ್ಲಿ ಕೂತು ಎಲ್ಲವನ್ನೂ ಹೇಳಿ, "ಯಾರಿಗೂ ಹೇಳಬ್ಯಾಡ್ರಿ," ಎಂದ. ನಾನು ರೇಗಿದೆ. ನನಗೆ ಹೇಳಿ ಹಗುರಾಗಲು ಬಂದೆಯಾ ಎಂದೆ.

ಮನೆಯಲ್ಲಿ ನೀಲಾಳಿಗೂ ಹೇಳಿದ. ಅವಳು ಹೊಲಿಗೆಯ ಮಷಿನ್ನು ನಿಲ್ಲಿಸಿ, "ಆ ಅಕ್ಕಗ ಹೇಳೀರೇನು?" ಎಂದು ಕೇಳಿದಳು. ಇಲ್ಲ ಎಂದ. ಅವಳು ಮತ್ತೆ ಮಷಿನ್ನು ತುಳಿಯತೊಡಗಿದಳು.

ಜೈತೂನಬಿ ಈಗ ದಿನಾ ರೈಲಿನಲ್ಲಿ ಹಾವೇರಿಗೆ ಹೋಗಿ, ಸರಕಾರಿ ಕಚೇರಿಗಳ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಹೊಡೆದುಕೊಡುತ್ತಿದ್ದಳು. ಗುಡದಪ್ಪ ಹೋಗಿ ಮಂದಿ ಕರಗುವವರೆಗೆ ಹೊರಗೆ ನಿಂತ. ಅವಳು ನೋಡಿದಳು, ಕರೆಯಲಿಲ್ಲ. ಕಡೆಗೆ ಇವನೇ ಒಳಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದ. ಯಂತ್ರ ಸುರಿದದ್ದು, ಲೈನು ಕಟ್ಟಿದ್ದು, ತನಗೆ ಗೊತ್ತಾಗಿ ಇಷ್ಟು ದಿನ ಸುಮ್ಮನಿದ್ದದ್ದು. "ತಪ್ಪಾತು ಅಕ್ಕಾ," ಎಂದ.

ಜೈತೂನಬಿ ಬೆರಳು ನಿಲ್ಲಿಸಿ ಕೇಳಿದಳು. ಆಮೇಲೆ ಹೇಳಿದಳು: "ಇದನ್ನ ನನಗ ಹೇಳಾಕ ಇಷ್ಟು ದೂರ ಬಂದೇನು? ನಾ ಏನೂ ಮಾಡಿಲ್ಲ ಅನ್ನೋದು ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳು."

"ಹೇಳತೇನಿ ಅಕ್ಕಾ. ವಿರೂಪಾಕ್ಷಪ್ಪಾರಿಗೆ ಹೇಳಿ ನಿನ್ನ ಕೆಲಸ..."

"ಕೆಲಸ ನಾ ಕೇಳಿಲ್ಲ," ಎಂದಳು. "ನಮ್ಮ ಮನಿಯವರು ದಿನಾ ಅದ ಅಂಗಳದಾಗ ಚೀಲ ಹೊರತಾರ. ಅವರಿಗೆ ಹೇಳು." ಆ ಕಡೆಯ ಮಾತು ಹೇಳುವಾಗ ಅವಳ ದನಿ ಒಡೆಯಿತು. ಗಂಡನಿಗೆ ಅಂಗಳದಲ್ಲಿ ಆಗುವ ಅವಮಾನಕ್ಕಾಗಿ ಅಳುತ್ತಾಳೆಂದು ಗುಡದಪ್ಪ ತಿಳಿದುಕೊಂಡ. ಅವಳು ಮುಂದಿನ ಅರ್ಜಿ ಎತ್ತಿಕೊಂಡಳು.

ದೀಪಾವಳಿಯ ಲಕ್ಷ್ಮೀಪೂಜೆಗೆ ಸಂಘದವರು ಹಾಲಿನಲ್ಲಿ ಎಲ್ಲರನ್ನೂ ಕರೆದಿದ್ದರು. ಆಮಂತ್ರಣ ಅಚ್ಚು ಹಾಕಿದವನೆಂದು ನಾನೂ ಹೋಗಿದ್ದೆ. ಪೂಜೆ ಮುಗಿದ ಮೇಲೆ ವಿರೂಪಾಕ್ಷಪ್ಪ ಮೈಕು ಹಿಡಿದು, ಲೈನು ಸರಿಪಡಿಸಿ ಸಂಘದ ಮಾನ ಉಳಿಸಿದ ಗುಡದಪ್ಪನಿಗೆ ಸನ್ಮಾನ ಎಂದು ಸಾರಿದರು. ಶಾಲು ಹೊದಿಸಿದರು, ಹಾರ ಹಾಕಿದರು. ಗುಡದಪ್ಪನ ಮುಖ ಕೆಂಪಗಾಗಿತ್ತು. ಹೊಗಳಿಕೆಗೆ ನಾಚಿದ್ದಾನೆಂದು ಪಕ್ಕದವರು ನನಗೆ ಹೇಳಿದರು.

ಅವನು ಮೈಕು ಇಸಿದುಕೊಂಡ. "ತಪ್ಪು ಜೈತೂನಕ್ಕಂದಲ್ರಿ. ಲೈನ್ ಕಟ್ಟಿದ್ದು ನನ್ನ ಯಂತ್ರ. ಆಕೀ ಹೇಳಿದ್ದು ಖರೇ ಇತ್ತು. ಈ ಹಾಲಿನ್ಯಾಗ ಆಕೀ ಮಾನ ಕಳದಾವ ನಾನು," ಎಂದ.

ಆಮೇಲೆ ವಿರೂಪಾಕ್ಷಪ್ಪ ನಕ್ಕು ಅವನ ಹೆಗಲ ಮೇಲೆ ಕೈ ಹಾಕಿದರು. "ನೋಡ್ರಿ, ಎಂಥಾ ದೊಡ್ಡ ಮನಸು! ಹೋದಾಕಿ ಮ್ಯಾಲ ಮಾತು ಬರಬಾರದು ಅಂತ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ!" ಹಾಲೆಲ್ಲ ಚಪ್ಪಾಳೆ. ಗುಡದಪ್ಪ ಬಾಯಿ ತೆರೆದ. ಯಾರೋ ಅವನ ಬಾಯಿಗೆ ಪೇಢೆ ತುರುಕಿದರು. ನಾನು ಎದ್ದು ಹೇಳಬಹುದಿತ್ತು. ಹೇಳಿದ್ದರೆ ನನ್ನದೂ ದೊಡ್ಡ ಮನಸ್ಸಾಗುತ್ತಿತ್ತು, ಅಷ್ಟೇ. ವರದಿ ತೋರಿಸಿ ಅವರನ್ನು ನಂಬಿಸಿದವನು ಇವನೇ. ಈಗ ಬರೀ ಬಾಯಿಮಾತಿಗೆ ಅವರು ಯಾಕೆ ನಂಬಿಯಾರು?

ಶಾಲನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಗುಡದಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಲೆ ತಗ್ಗಿಸಿ ಕೂತಿದ್ದ. ರಾಣೆಬೆನ್ನೂರು ಬರುವ ಹೊತ್ತಿಗೆ, "ತೋರಿಸಬೇಕ್ರಿ. ಅವರ ಕಣ್ಣೀಲೆ ನೋಡಬೇಕು," ಎಂದ.

ಮುಂದಿನ ಸೋಮವಾರ ಮುಂಜಾನೆ, ಟೆಂಡರಿಗೆ ಇನ್ನೂ ಹೊತ್ತಿರುವಾಗ, ವಿರೂಪಾಕ್ಷಪ್ಪನವರ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ ಅವರನ್ನು ಒಂದು ಅಣಕು ಟೆಂಡರಿಗೆ ಒಪ್ಪಿಸಿದ. ಇರದೇ ಇರುವ ಲಾಟುಗಳಿಗೆ ಖರೀದಿದಾರರು ಸುಳ್ಳು ದರ ಬರೆದು ಮೂರನೇ ಗೂಡಿನಲ್ಲಿ ಕೊಡಬೇಕು. ಸ್ನೇಹಾ ಹೊಡೆಯಬೇಕು. ಹಾಲಿನಲ್ಲಿ ನಿಂತವರು ನೋಡಬೇಕು. ಮೊದಲ ಸಲ ವಾಚ್‌ಮನ್ ಬಂದ್ ಇತ್ತು. ದರಗಳೆಲ್ಲ ಬಂದವು, ಗಂಟೆ ಬಾರಿಸಿತು. ಎರಡನೇ ಸಲ ಗುಡದಪ್ಪ ಎಲ್ಲರ ಮುಂದೆ ವಾಚ್‌ಮನ್‌ನನ್ನು ಎಬ್ಬಿಸಿದ. ಅದೇ ಚೀಟಿ, ಅದೇ ಹುಡುಗಿ. ಗಂಟೆ ಬಾರಿಸಿದಾಗ ಅರ್ಧಕ್ಕರ್ಧ ದರ ಹೊರಗಿದ್ದವು.

ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಖರೀದಿದಾರರಲ್ಲಿ ಒಬ್ಬ ಬಾಯಿಗೆ ಬಂದಂತೆ ಬೈದ. ಅಗಡಿಯ ರೈತನೂ ಅಲ್ಲಿದ್ದ. ಅವನು ಬೈಯಲಿಲ್ಲ. "ನಾ ಆ ಹೆಣ್ಣುಮಗಳಿಗೆ ಶಾಪ ಹಾಕಿದ್ನೆಲ್ಲೋ ಮಾರಾಯಾ," ಎಂದ. ವಿರೂಪಾಕ್ಷಪ್ಪ ಯಾರ ಮುಖವನ್ನೂ ನೋಡದೆ, "ಆಕೀಗೆ ಬಾ ಅಂತ ಹೇಳಿ ಕಳಸ್ರಿ," ಎಂದು ಒಳಗೆ ಹೋದರು.

ಗುಡದಪ್ಪ ಹೊರಗೆ ಬಂದ. ಕೋಲ್ಡ್ ಸ್ಟೋರೇಜಿನ ಮುಂದೆ ಲಾರಿಗೆ ಮಾಲು ಏರುತ್ತಿತ್ತು. ಹಮಾಲರ ಸಾಲಿನಲ್ಲಿ ದಾವಲಸಾಬ ಬೆನ್ನು ಬಗ್ಗಿಸಿ ಚೀಲ ಹೊತ್ತು ಬರುತ್ತಿದ್ದ. ಇವನು ಅವನ ಪಕ್ಕದಲ್ಲೇ ನಡೆಯುತ್ತ, "ದಾವಲಣ್ಣ, ಜೈತೂನಕ್ಕಂದೇನೂ ತಪ್ಪಿಲ್ಲ, ನನ್ನ ಯಂತ್ರ..." ಎಂದು ಮೆಲ್ಲಗೆ ಶುರುಮಾಡಿದ.

"ಚೀಲ ಇಳಸ್ತೇನಿ. ನಿಂದ್ರು," ಎಂದ ದಾವಲಸಾಬ, ತಲೆ ಎತ್ತದೆ.

ಚೀಲವನ್ನು ಲಾರಿಗೆ ಕೊಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಂದು ಎದುರು ನಿಂತ. "ಈಗ ಹೇಳು. ಆವತ್ತು ಹಾಲಿನ್ಯಾಗ ಹೇಳಿದ್ಯಲ್ಲ, ಅಷ್ಟ ಜೋರಾಗಿ ಹೇಳು."

ಗುಡದಪ್ಪ ಹೇಳಿದ. ಹಮಾಲರು ಚೀಲಗಳನ್ನು ಕೆಳಗಿಟ್ಟು ನಿಂತು ಕೇಳಿದರು. ಯಂತ್ರದ್ದು ಹೇಳಿದ, ಬೀಗರ ಮಾತು ಹೇಳಿದ, ಗೊತ್ತಾದ ಮೇಲೆ ಸುಮ್ಮನಿದ್ದದ್ದನ್ನೂ ಹೇಳಿದ. ಹೇಳಿ ಮುಗಿಸಿ, ಅವನು ಹೊಡೆದರೆ ಹೊಡೆಯಲಿ ಎಂದು ನಿಂತ.

ದಾವಲಸಾಬ ಹೊಡೆಯಲಿಲ್ಲ, ಬೈಯಲೂ ಇಲ್ಲ. ಲಾರಿಯ ಗಾಲಿಗೆ ಬೆನ್ನು ಕೊಟ್ಟು ಕುಸಿದು ಕೂತ. ಇವನೊಬ್ಬನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ಆವತ್ತ ರಾತ್ರಿ ನಾನೂ ಆಕೀನ್ನ ಕೇಳಿದ್ನಿ. ಖರೇ ಹೇಳು, ಚೀಟಿ ಹಿಡದಿಟ್ಟಿದ್ದೇನು ಅಂತ. ಅಂದಿನಿಂದ ಆಕೀ ನನ್ನ ಕೂಡ ಮಾತಾಡಿಲ್ಲ. ಇಂದ ಮನಿಗೆ ಹೋಗಿ ನಾ ಆಕೀ ಮುಂದ ಏನಂತ ನಿಂದ್ರಲಿ?"

ಗುಡದಪ್ಪ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತ. ಹಾಲಿನಲ್ಲಿ ನಿಜವಾದ ಟೆಂಡರಿನ ಗಂಟೆ ಬಾರಿಸುವವರೆಗೂ ಇಬ್ಬರೂ ಎದ್ದಿರಲಿಲ್ಲ.